ಎಐ ಉಪನ್ಯಾಸ ಕೇಳಿ ಬಂದೆವು, ಹುಡುಗಿಯ ಪ್ರಶ್ನೆ ಹಾಗೇ ಉಳಿದುಬಿಟ್ಟಿತು

ಸೀಮೆಸುಣ್ಣ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ವಾರ ಒಂದು ವಿಶ್ವವಿದ್ಯಾಲಯದಲ್ಲಿ ಕೃತಕ ಬುದ್ಧಿಮತ್ತೆ (ಎಐ) ಬಗ್ಗೆ ಸಾರ್ವಜನಿಕ ಉಪನ್ಯಾಸ ಇತ್ತು. ಯಾರು ಬೇಕಾದರೂ ಬರಬಹುದು ಅಂತ ಹಾಕಿದ್ದರು, ಹತ್ತನೇ ತರಗತಿಯ ಆರು ಮಕ್ಕಳನ್ನು ಕರೆದುಕೊಂಡು ಹೋದೆ. ಸಭಾಂಗಣ ಭರ್ತಿ, ಮೆಟ್ಟಿಲ ಮೇಲೂ ಜನ. ಅದನ್ನು ನೋಡಿಯೇ ಖುಷಿಯಾಗಿತ್ತು.

ಒಂದು ಗಂಟೆಯ ಕಾರ್ಯಕ್ರಮ. ಸ್ವಾಗತ, ಪರಿಚಯಕ್ಕೆ ಹತ್ತು ನಿಮಿಷ ಹೋಯಿತು. ನಲವತ್ತೇಳು ನಿಮಿಷ ಮಾತು. ಉಳಿದ ಮೂರು ನಿಮಿಷದಲ್ಲಿ ಇಬ್ಬರು ಪ್ರಶ್ನೆ ಕೇಳಿದರು, ಇಬ್ಬರೂ ಮುಂದಿನ ಸಾಲಿನ ಪ್ರಾಧ್ಯಾಪಕರು. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಮಾತು ಮುಗಿಯುವ ಮೊದಲೇ ಕೈ ಎತ್ತಿದ್ದಳು. ಕೈ ಸೋತಾಗ ಇನ್ನೊಂದು ಕೈಯಲ್ಲಿ ಮೊಣಕೈ ಹಿಡಿದುಕೊಂಡಳು, ಇಳಿಸಲಿಲ್ಲ. ದೀಪ ಹಾಕಿ ವಂದನಾರ್ಪಣೆ ಶುರುವಾದ ಮೇಲೆ ಇಳಿಸಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಏನು ಕೇಳಬೇಕಿತ್ತಮ್ಮ ಅಂದೆ. "ಮಿಸ್, ಅದು ತಪ್ಪು ಉತ್ತರ ಕೊಡುವಾಗ ತಪ್ಪು ಕೊಡ್ತಿದ್ದೀನಿ ಅಂತ ಅದಕ್ಕೆ ಗೊತ್ತಾಗತ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ನಲವತ್ತೇಳು ನಿಮಿಷದಲ್ಲೂ ಅದು ಇರಲಿಲ್ಲ. ಒಂದು ಸ್ಲೈಡಿನಲ್ಲಿ ಮೇಲಕ್ಕೇರುವ ಗೆರೆ ತೋರಿಸಿದರು. ಕೆಳಗೆ ಇಸವಿಗಳಿದ್ದವು, ಲಂಬ ಅಕ್ಷದಲ್ಲಿ ಏನನ್ನು ಅಳೆದಿದ್ದಾರೆ ಅಂತ ಬರೆದೇ ಇರಲಿಲ್ಲ. ನನ್ನ ಮಕ್ಕಳು ಹಾಗೆ ಗ್ರಾಫ್ ಬರೆದರೆ ನಾನು ಅಂಕ ಕಳೆಯುತ್ತೇನೆ.

ಮುಂದಿನ ತಿಂಗಳು ಇನ್ನೊಂದು ಉಪನ್ಯಾಸ ಇದೆ. ಮಕ್ಕಳನ್ನು ಕರೆದೊಯ್ಯಲೋ ಬೇಡವೋ? ಹೋದರೆ ಏನು ತಯಾರಿ ಮಾಡಿಕೊಂಡು ಹೋಗಬೇಕು? ಇಂಥವಕ್ಕೆ ಹೋಗಿ ಅಭ್ಯಾಸ ಇರುವವರು ಹೇಳಿ.

ಹಳೆಯ ಕಡತ

ಖಂಡಿತ ಕರೆದೊಯ್ಯಿರಿ ಮೇಡಂ. ನಿಮ್ಮ ಹುಡುಗಿ ಕೇಳಿದ್ದು ಈ ಕ್ಷೇತ್ರದ ಮೊಟ್ಟಮೊದಲ ಉಪನ್ಯಾಸಗಳಲ್ಲೇ ಎದ್ದ ವಿಚಾರ. 1947ರ ಫೆಬ್ರುವರಿ 20ರಂದು ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯಲ್ಲಿ ಮಾತಾಡಿದರು. ವಿಷಯ ಅವರು ವಿನ್ಯಾಸ ಮಾಡುತ್ತಿದ್ದ ಎಸಿಇ ಎಂಬ ಗಣಕಯಂತ್ರ. ಅನುಭವದಿಂದ ಕಲಿಯುವ ಯಂತ್ರ ಬೇಕು ಅಂತ ಅಲ್ಲಿಯೇ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ಯಂತ್ರ ಎಂದೂ ತಪ್ಪಬಾರದು ಅಂತ ಹಟ ಹಿಡಿದರೆ ಅದು ಬುದ್ಧಿವಂತವೂ ಆಗಿರಬೇಕು ಅಂತ ಕೇಳುವ ಹಾಗಿಲ್ಲ. ಆಗ ‘ಕೃತಕ ಬುದ್ಧಿಮತ್ತೆ’ ಅನ್ನುವ ಹೆಸರೇ ಹುಟ್ಟಿರಲಿಲ್ಲ. ಅದು ಬಂದದ್ದು 1955ರಲ್ಲಿ, ಡಾರ್ಟ್‌ಮತ್ ಕಾಲೇಜಿನ ಬೇಸಿಗೆ ಕಾರ್ಯಾಗಾರಕ್ಕಾಗಿ ಮೆಕಾರ್ಥಿ, ಮಿನ್ಸ್ಕಿ, ರಾಚೆಸ್ಟರ್, ಶಾನನ್ ನಾಲ್ವರೂ ಸೇರಿ ಬರೆದ ಅರ್ಜಿಯಲ್ಲಿ.

ಪ್ರಶ್ನೆಗೆ ಜಾಗ ಕೊಟ್ಟ ಸಭೆ ಹೇಗಿರುತ್ತದೆ ಅಂತ ಮಕ್ಕಳಿಗೆ ತೋರಿಸಬೇಕಾದರೆ 1973ರ ಲೈಟ್‌ಹಿಲ್ ಚರ್ಚೆಯ ವಿಡಿಯೊ ಹಾಕಿ, ಈಗಲೂ ಸಿಗುತ್ತದೆ. ಸರ್ ಜೇಮ್ಸ್ ಲೈಟ್‌ಹಿಲ್ ಕೇಂಬ್ರಿಜ್‌ನ ಗಣಿತಜ್ಞ. ಬ್ರಿಟನ್ನಿನ ಸಂಶೋಧನಾ ಮಂಡಳಿ ಎಐ ಎಲ್ಲಿಗೆ ಬಂದಿದೆ ಅಂತ ವರದಿ ಕೇಳಿತ್ತು, ಅವರು ಕಟುವಾಗಿಯೇ ಬರೆದುಕೊಟ್ಟಿದ್ದರು. ಆಮೇಲೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಸಭಿಕರ ಮುಂದೆ, ಬಿಬಿಸಿ ಕ್ಯಾಮೆರಾದ ಎದುರು, ಒಂದು ಕಡೆ ಲೈಟ್‌ಹಿಲ್ ಒಬ್ಬರೇ, ಇನ್ನೊಂದು ಕಡೆ ಎಐ ಪರವಾಗಿ ಡೊನಾಲ್ಡ್ ಮಿಕಿ, ಜಾನ್ ಮೆಕಾರ್ಥಿ, ರಿಚರ್ಡ್ ಗ್ರೆಗರಿ.

ಲೈಟ್‌ಹಿಲ್ ಅವರ ಮುಖ್ಯ ವಾದ ಸಾಧ್ಯತೆಗಳ ಸ್ಫೋಟದ್ದು. ಚದುರಂಗವನ್ನೇ ತೆಗೆದುಕೊಳ್ಳಿ. ಒಂದು ಸರದಿಗೆ ಸುಮಾರು 35 ನಡೆಗಳು ಸಾಧ್ಯ ಅಂತಿಟ್ಟುಕೊಂಡರೆ ನಾಲ್ಕು ನಡೆ ಮುಂದಕ್ಕೆ ನೋಡುವಷ್ಟರಲ್ಲಿ 15 ಲಕ್ಷ ದಾರಿಗಳಾಗುತ್ತವೆ. ಆಟಿಕೆ ಲೋಕದಲ್ಲಿ ನಡೆದದ್ದು ನಿಜ ಲೋಕದಲ್ಲಿ ನಡೆಯದೆ ಹೋಗುವುದು ಇದರಿಂದಲೇ ಅಂದರು. ಈ ವರದಿಯ ನಂತರ ಬ್ರಿಟನ್ನಿನಲ್ಲಿ ಎಐ ಸಂಶೋಧನೆಗೆ ಹಣ ಬತ್ತಿಹೋಯಿತು. 1997ರಲ್ಲಿ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿದ್ದ ಡೀಪ್ ಬ್ಲೂ ಎಂಬ ಗಣಕಯಂತ್ರ ಚದುರಂಗದ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಯಾರು ಗೆದ್ದರು ಅನ್ನುವುದಕ್ಕೆ ನಾನು ಇದನ್ನು ನೋಡಿ ಅನ್ನುತ್ತಿಲ್ಲ. ವೇದಿಕೆಯ ಮೇಲೆ ಒಬ್ಬರು ಒಂದು ಮಾತು ಹೇಳುತ್ತಾರೆ, ಪಕ್ಕದಲ್ಲಿ ಕೂತವರು ತಕ್ಷಣ ಅದು ಹಾಗಲ್ಲ ಅನ್ನುತ್ತಾರೆ, ಕೇಳುವವರು ಎರಡನ್ನೂ ತೂಗಿ ನೋಡಬೇಕು. ಒಬ್ಬರೇ ಮಾತಾಡುವ ಉಪನ್ಯಾಸದಲ್ಲಿ ಆ ಎರಡನೆಯವರ ಕೆಲಸ ಸಭಿಕರ ಪಾಲಿಗೆ ಬರುತ್ತದೆ.

ಸಂಶೋಧನಾ ವಿದ್ಯಾರ್ಥಿ

ಮೇಡಂ, ನಾನು ವೇದಿಕೆಯ ಆ ಕಡೆ ನಿಂತವನು. ಎಐ ಮೇಲೆ ಪಿಎಚ್‌ಡಿ ಮಾಡ್ತಿದ್ದೀನಿ, ಶಾಲೆ ಕಾಲೇಜುಗಳಿಗೆ ಹೋಗಿ ಮಾತಾಡಿದ್ದೂ ಇದೆ. ಒಂದು ಒಳಗಿನ ಮಾತು ಹೇಳ್ತೀನಿ. ನಮ್ಮ ಯಂತ್ರ ಎಲ್ಲೆಲ್ಲಿ ಎಡವಿತು ಅನ್ನುವ ಸ್ಲೈಡ್ ಬಹುತೇಕ ಎಲ್ಲರ ಹತ್ತಿರವೂ ಇರುತ್ತದೆ, ಆದರೆ ಅದನ್ನು ಕೊನೆಯಲ್ಲಿ ಇಟ್ಟಿರ್ತೀವಿ. ಸಮಯ ಮೀರಿದಾಗ ಮೊದಲು ಹಾರಿಸುವುದು ಅದನ್ನೇ. ಮುಚ್ಚಿಡಬೇಕು ಅಂತ ಯಾರೂ ಮಾಡುವುದಲ್ಲ, ಆದರೆ ಸಭಿಕರಿಗೆ ಸಿಗದೆ ಹೋಗುವುದಂತೂ ನಿಜ. "ಸರ್, ಕೊನೆಯಲ್ಲಿ ಬಿಟ್ಟ ಸ್ಲೈಡುಗಳಲ್ಲಿ ಏನಿತ್ತು?" ಅಂತ ಕೇಳಿ. ನನಗೆ ಒಮ್ಮೆ ಒಬ್ಬರು ಹೀಗೆ ಕೇಳಿದ್ದರು. ಆ ದಿನದ ನನ್ನ ಅತ್ಯುತ್ತಮ ಹತ್ತು ನಿಮಿಷ ಅದೇ.

ಈಗ ಹುಡುಗಿಯ ಪ್ರಶ್ನೆಗೆ ಬರ್ತೀನಿ. ಯಂತ್ರ ಒಂದು ಉತ್ತರ ಕೊಡುವಾಗ ಒಳಗೆ ಒಂದು ಸಂಖ್ಯೆಯೂ ಇರುತ್ತದೆ, ಇದು ಸರಿಯಾಗಿರುವ ಸಂಭವ ಇಷ್ಟು ಅಂತ. ಆ ಸಂಖ್ಯೆಯನ್ನು ನಂಬಬಹುದಾ ಅಂತ ಪರೀಕ್ಷಿಸಬಹುದು. ಶೇ 90 ಖಚಿತ ಅಂದ ನೂರು ಉತ್ತರಗಳನ್ನು ಒಟ್ಟು ಮಾಡಿ ಎಣಿಸಿ. ಅವುಗಳಲ್ಲಿ 90 ಸರಿ ಇದ್ದರೆ ಯಂತ್ರಕ್ಕೆ ತನ್ನ ಅಳತೆ ಗೊತ್ತಿದೆ. 70 ಮಾತ್ರ ಸರಿ ಇದ್ದರೆ ಅದಕ್ಕೆ ಅತಿವಿಶ್ವಾಸ. ಹವಾಮಾನದವರು ಶೇ 70 ಮಳೆ ಸಾಧ್ಯತೆ ಅಂದ ದಿನಗಳಲ್ಲಿ ಹತ್ತಕ್ಕೆ ಏಳು ದಿನ ಮಳೆ ಬಂದಿದ್ದರೆ ಅವರು ಸರಿ ಅನ್ನುತ್ತೀವಲ್ಲ, ಅದೇ ಲೆಕ್ಕ. ಇದಕ್ಕೆ ನಾವು ಕ್ಯಾಲಿಬ್ರೇಷನ್ ಅಂತೀವಿ.

2017ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನು ಅಳೆದು, ಆಗಿನ ಆಳವಾದ ನರಜಾಲಗಳಿಗೆ (ಮಿದುಳಿನ ನರಕೋಶಗಳ ಜಾಲದಿಂದ ಪ್ರೇರಣೆ ಪಡೆದು ಕಟ್ಟಿದ, ಹಲವು ಪದರಗಳ ಎಐ) ಅತಿವಿಶ್ವಾಸ ಇದೆ ಅಂತ ತೋರಿಸಿದರು. ಹಳೆಯ, ಚಿಕ್ಕ ಜಾಲಗಳಿಗೆ ತಮ್ಮ ಅಳತೆ ಹೆಚ್ಚು ಗೊತ್ತಿತ್ತು. ಹೊಸವು ಹೆಚ್ಚು ಸರಿ ಉತ್ತರ ಕೊಡುತ್ತಿದ್ದರೂ ತಪ್ಪಿದಾಗಲೂ ಎದೆ ತಟ್ಟಿ ಹೇಳುತ್ತಿದ್ದವು. ಜಿಪಿಟಿ-4 ಎಂಬ ಭಾಷಾ ಮಾದರಿ (ಪಠ್ಯ ಓದಿ ಕಲಿತು ಪಠ್ಯ ಬರೆಯುವ ಎಐ) ಬಗ್ಗೆ 2023ರಲ್ಲಿ ಬಂದ ವರದಿಯಲ್ಲಿ ಇನ್ನೊಂದು ವಿಷಯ ಇದೆ. ಬರೀ ಪಠ್ಯ ಓದಿ ಕಲಿತ ಹಂತದಲ್ಲಿ ಅದರ ಅಂದಾಜುಗಳು ಚೆನ್ನಾಗಿಯೇ ತಾಳೆಯಾಗುತ್ತಿದ್ದವು. ಮನುಷ್ಯರಿಗೆ ಇಷ್ಟವಾಗುವ ಹಾಗೆ ಉತ್ತರಿಸಲು ತಿದ್ದಿದ ಮೇಲೆ ಆ ತಾಳೆ ಕೆಟ್ಟಿತು.

ಹಾಗಾಗಿ ಉತ್ತರ: ಸ್ವಲ್ಪ ಮಟ್ಟಿಗೆ ಅದರೊಳಗೆ ಸುಳಿವು ಇರುತ್ತದೆ, ಆದರೆ ಅದು ಬರೆಯುವ "ಖಂಡಿತ" ಅನ್ನುವ ಪದ ಆ ಸುಳಿವನ್ನು ಹೇಳುತ್ತದೆ ಅಂತ ನಂಬಬೇಡಿ. ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ.

ನಕ್ಷತ್ರಿಕ

ಎಲ್ಲರೂ ತಪ್ಪಿನ ಬಗ್ಗೆಯೇ ಬರೆಯುತ್ತಿದ್ದೀರಿ. ನನಗೆ ಇದು ಸರಿ ಕಾಣುತ್ತಿಲ್ಲ.

ಒಂದು ಸಂಜೆ ಮನೆಯ ಕೆಲಸ ಬಿಟ್ಟು ನೂರಾರು ಜನ ವಿಜ್ಞಾನದ ಮಾತು ಕೇಳಲು ಬರುತ್ತಾರೆ ಅಂದರೆ ಅದು ಸಣ್ಣ ವಿಷಯ ಅಲ್ಲ. ಅವರಲ್ಲಿ ಹಲವರಿಗೆ ಅದೇ ಮೊದಲ ಸಲ. ಆ ಮೊದಲ ಸಲ ಬೆರಗು ಹುಟ್ಟಬೇಕು. ಪ್ರೋಟೀನ್ ಒಂದು ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಅನ್ನುವುದು ಐವತ್ತು ವರ್ಷದಿಂದ ಕಾಡಿದ ಪ್ರಶ್ನೆ. 2020ರಲ್ಲಿ ಆಲ್ಫಾಫೋಲ್ಡ್ ಎಂಬ ಎಐ ಅದರಲ್ಲಿ ಮಾಡಿದ ಸಾಧನೆಗೆ 2024ರಲ್ಲಿ ಹಸಾಬಿಸ್ ಮತ್ತು ಜಂಪರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ಲಿನಲ್ಲಿ ಪಾಲು ಸಿಕ್ಕಿತು. ನಾನು ಅದನ್ನು ಮೊದಲು ಕೇಳಿದ್ದು ಇಂಥದೇ ಒಂದು ಉಪನ್ಯಾಸದಲ್ಲಿ. ಪರದೆಯ ಮೇಲೆ ಊಹೆಯ ಆಕಾರ ನೀಲಿ, ಪ್ರಯೋಗದಲ್ಲಿ ಕಂಡ ಆಕಾರ ಹಸಿರು. ಎರಡೂ ಒಂದರ ಮೇಲೊಂದು ಕೂತಾಗ ನನ್ನ ಪಕ್ಕದ ಹಿರಿಯರು "ಅಬ್ಬಾ" ಅಂದರು. ಆ ಉದ್ಗಾರ ಕಮ್ಮಿ ಬೆಲೆಯದ್ದಾ?

ರಾಯಲ್ ಇನ್‌ಸ್ಟಿಟ್ಯೂಷನ್ನಿನ ವಿಷಯ ಬಂತಲ್ಲ, ಅಲ್ಲಿ 1825ರಿಂದ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ನಡೆಯುತ್ತಿದೆ. ಫ್ಯಾರಡೆ ಬರೀ ಒಂದು ಮೇಣದಬತ್ತಿ ಹಿಡಿದುಕೊಂಡು ಆರು ಉಪನ್ಯಾಸ ಕೊಟ್ಟರು. 2023ರಲ್ಲಿ ಅದೇ ಜಾಗದಲ್ಲಿ ಮೈಕೆಲ್ ವೂಲ್ಡ್‌ರಿಜ್ ಮಕ್ಕಳಿಗೆ ಎಐ ವಿವರಿಸಿದರು. ಮೊದಲು ಬೆರಗು, ಆಮೇಲೆ ವಿಮರ್ಶೆ.

ಹಳೆಯ ಕಡತ

ಫ್ಯಾರಡೆಯ ಮೇಣದಬತ್ತಿ ಸಭಿಕರ ಕಣ್ಣೆದುರು ಉರಿಯುತ್ತಿತ್ತು ಸರ್. ಆರುವ ಹಾಗಿದ್ದರೆ ಅವರೆದುರೇ ಆರುತ್ತಿತ್ತು. ಇಂದಿನ ಎಷ್ಟೋ ಉಪನ್ಯಾಸಗಳಲ್ಲಿ ಡೆಮೊ ಅಂದರೆ ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊ. ಹತ್ತು ಸಲ ಮಾಡಿ ಚೆನ್ನಾಗಿ ಬಂದ ಒಂದನ್ನು ತಂದಿದ್ದಾರಾ ಅಂತ ಕೇಳುವವರಿಗೆ ತಿಳಿಯುವುದೇ ಇಲ್ಲ. ಬೆರಗು ಬೇಡ ಅಂತ ನಾನು ಹೇಳುವುದಿಲ್ಲ. ಕಣ್ಣೆದುರು ನಡೆಯುವ ಬೆರಗು ಕೊಡಿ, ಸಭಿಕರೇ ಕೊಟ್ಟ ಪ್ರಶ್ನೆಯನ್ನು ಅಲ್ಲೇ ಟೈಪ್ ಮಾಡಿ ತೋರಿಸಿ.

ನಕ್ಷತ್ರಿಕ

ಅದನ್ನು ಒಪ್ಪುತ್ತೇನೆ.

ಎಕ್ಸ್‌ರೇ ಕೋಣೆ

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯೋ ಕೆಲಸದಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ. ಉಪನ್ಯಾಸದಲ್ಲಿ ಆಡೋ ಒಂದು ಮಾತು ಎಷ್ಟು ದೂರ ಹೋಗುತ್ತೆ ಅನ್ನೋದಕ್ಕೆ ನಮ್ಮ ಕ್ಷೇತ್ರವೇ ಸಾಕ್ಷಿ.

2016ರಲ್ಲಿ ಟೊರಾಂಟೊದ ಒಂದು ಸಮ್ಮೇಳನದಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಅವರು ಇನ್ನು ರೇಡಿಯಾಲಜಿಸ್ಟ್‌ಗಳಿಗೆ (ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಹೇಳೋ ವೈದ್ಯರು) ತರಬೇತಿ ಕೊಡೋದು ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರಿಗಿಂತ ಚೆನ್ನಾಗಿ ಮಾಡುತ್ತೆ ಅಂದರು. ಆ ವಿಡಿಯೊ ತುಣುಕು ನಮ್ಮ ಎಲ್ಲರ ಫೋನಿಗೂ ಬಂತು. ಓದು ಮುಗಿಸಿ ಯಾವ ವಿಭಾಗ ಆರಿಸಿಕೊಳ್ಳಬೇಕು ಅಂತ ಯೋಚಿಸ್ತಿದ್ದ ಹುಡುಗರು ನನ್ನ ಹತ್ತಿರ ಬಂದು "ಇದಕ್ಕೆ ಭವಿಷ್ಯ ಇದೆಯಾ ಸರ್" ಅಂತ ಕೇಳಿದ್ದು ನೆನಪಿದೆ. ಐದು ವರ್ಷ ಆಯ್ತು, ಅದರ ಮೇಲೂ ವರ್ಷಗಳು ಕಳೆದವು. ರೇಡಿಯಾಲಜಿಸ್ಟ್‌ಗಳು ಇದ್ದಾರೆ, ಕೆಲಸ ಹೆಚ್ಚಾಗಿದೆ. ಆ ಮಾತನ್ನು ತೀರಾ ವಿಶಾಲವಾಗಿ ಆಡಿಬಿಟ್ಟೆ ಅಂತ ಹಿಂಟನ್ ಅವರೇ ಆಮೇಲೆ ಒಪ್ಪಿಕೊಂಡರು, ಅದಕ್ಕೆ ಅವರ ಮೇಲೆ ಗೌರವ ಇದೆ. 2012ರಲ್ಲಿ ಚಿತ್ರ ಗುರುತಿಸೋ ಸ್ಪರ್ಧೆಯಲ್ಲಿ ತಪ್ಪಿನ ಪ್ರಮಾಣವನ್ನು ಶೇ 26ರಿಂದ ಶೇ 15ರ ಆಸುಪಾಸಿಗೆ ಇಳಿಸಿದ್ದು ಅವರು ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು. 2024ರಲ್ಲಿ ಭೌತಶಾಸ್ತ್ರದ ನೊಬೆಲ್ಲೂ ಬಂತು. ಅಂಥವರೂ ಪಕ್ಕದ ಕ್ಷೇತ್ರದ ಬಗ್ಗೆ ಹೇಳುವಾಗ ತಪ್ಪಬಹುದು.

ಯಾಕೆ ಹಾಗಾಯ್ತು ಅಂತ ನಾನು ಕಂಡ ಮಟ್ಟಿಗೆ ಹೇಳ್ತೀನಿ. ಎದೆಗೂಡಿನೊಳಗೆ ಗಾಳಿ ಸೇರಿ ಶ್ವಾಸಕೋಶ ಕುಸಿಯೋದು ಅಂತ ಒಂದು ತೊಂದರೆ ಇದೆ, ನ್ಯೂಮೊಥೊರಾಕ್ಸ್. ಅದನ್ನು ಗುರುತಿಸೋಕೆ ಯಂತ್ರಕ್ಕೆ ಸಾವಿರಾರು ಫಿಲಂ ಕಲಿಸ್ತಾರೆ. ಆ ಫಿಲಂಗಳಲ್ಲಿ ತುಂಬಾ ರೋಗಿಗಳಿಗೆ ಆಗಲೇ ಚಿಕಿತ್ಸೆ ಶುರುವಾಗಿ, ಗಾಳಿ ಹೊರಗೆ ತೆಗೆಯೋಕೆ ಎದೆಗೆ ನಳಿಕೆ ಹಾಕಿರ್ತಾರೆ. ಫಿಲಂನಲ್ಲಿ ಆ ನಳಿಕೆ ಬಿಳಿ ಗೆರೆಯಾಗಿ ಎದ್ದು ಕಾಣುತ್ತೆ, ಕುಸಿದ ಶ್ವಾಸಕೋಶದ ಅಂಚು ಕೂದಲೆಳೆಯಷ್ಟು ತೆಳ್ಳಗೆ. ಯಂತ್ರ ಯಾವುದನ್ನು ಹಿಡ್ಕೊಳ್ಳುತ್ತೆ? ನಳಿಕೆಯನ್ನು. ನಳಿಕೆ ಇರೋ ಫಿಲಂಗಳಲ್ಲಿ ಚೆನ್ನಾಗಿ ಗುರುತಿಸಿ ನಳಿಕೆ ಇಲ್ಲದವುಗಳಲ್ಲಿ ಎಡವುತ್ತೆ ಅಂತ ಸಂಶೋಧಕರೇ ಅಳೆದು ತೋರಿಸಿದ್ದಾರೆ. ನಳಿಕೆ ಇಲ್ಲದವನೇ ಅಲ್ವಾ ಇನ್ನೂ ಯಾರ ಕಣ್ಣಿಗೂ ಬೀಳದ ರೋಗಿ? ಅವನಿಗೇ ಯಂತ್ರದ ಸಹಾಯ ಬೇಕಾಗಿದ್ದು. ಒಟ್ಟು ಸರಾಸರಿ ನೋಡಿದರೆ ಅಂಕ ಚೆನ್ನಾಗೇ ಇರುತ್ತೆ.

ಮೇಡಂ, ಸ್ಲೈಡಿನಲ್ಲಿ ದೊಡ್ಡ ಶೇಕಡಾ ಕಂಡಾಗಲೆಲ್ಲ ಮಕ್ಕಳಿಗೆ ಒಂದು ಪ್ರಶ್ನೆ ಹೇಳಿಕೊಡಿ: ತಪ್ಪಿದ್ದೆಲ್ಲ ಯಾರ ಪಾಲಿಗೆ ಬಂತು?

ಮೌನ ಓದುಗ

ಮೇಲಿನ ಮಾತಿಗೆ ಇನ್ನೊಂದು ಉದಾಹರಣೆ. 2018ರಲ್ಲಿ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ವ್ಯವಸ್ಥೆಗಳನ್ನು ಪರೀಕ್ಷಿಸಿದ್ದರು. ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು ಶೇ 0.8ಕ್ಕಿಂತ ಮೇಲೆ ಹೋಗಲಿಲ್ಲ, ಕಪ್ಪು ಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೂ ಹೋಯಿತು. ಗುಂಪುಗಳನ್ನು ಬೇರೆ ಮಾಡಿ ಎಣಿಸಿದ್ದರಿಂದ ತಿಳಿಯಿತು.

ಕರಡು ತಿದ್ದುವವ

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುವವನು. ಭಾಷಾ ಮಾದರಿಗಳ ಬಗ್ಗೆ ಒಂದು ಉಪನ್ಯಾಸದಲ್ಲಿ ಧೈರ್ಯ ಮಾಡಿ ಎದ್ದುನಿಂತು ಕೇಳಿದ್ದೆ: "ನೀವು ತೋರಿಸಿದ ಅಂಕಗಳು ಯಾವ ಭಾಷೆಯವು?" ಉಪನ್ಯಾಸಕರು ಒಂದು ಕ್ಷಣ ಸುಮ್ಮನಿದ್ದು ಎಲ್ಲವೂ ಇಂಗ್ಲಿಷಿನವು ಅಂದರು. ನಂತರ ಕಪ್ಪು ಹಲಗೆಗೆ ಹೋಗಿ ವಿವರಿಸಿದರು, ಇವತ್ತಿಗೂ ಮನಸ್ಸಿನಲ್ಲಿದೆ.

"ಸ್ತ್ರೀ" ಅಂತ ಬರೆಯಿರಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕಯಂತ್ರ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪಟ್ಟಿಯಲ್ಲಿ ಅದು ಸ, ಒತ್ತಕ್ಷರ ಸೇರಿಸುವ ಹಲಂತದ ಗುರುತು (್), ತ, ಮತ್ತೆ ಹಲಂತದ ಗುರುತು, ರ, ಈಕಾರದ ಗುರುತು, ಒಟ್ಟು ಆರು. ಅವನ್ನು ಗಣಕದಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟ್ ಜಾಗ, ಅಲ್ಲಿಗೆ 18 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್. ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿಕೊಂಡು ಓದುತ್ತವೆ. ಹೆಚ್ಚಾಗಿ ಇಂಗ್ಲಿಷ್ ನೋಡಿ ಕತ್ತರಿಸಲು ಕಲಿತ ಕತ್ತರಿ ಇಂಗ್ಲಿಷ್ ಪದವನ್ನು ಇಡಿಯಾಗಿ ಬಿಟ್ಟು ಕನ್ನಡ ಪದವನ್ನು ಚೂರುಚೂರು ಮಾಡುತ್ತದೆ. ಒಂದೇ ವಿಷಯ ಹೇಳಲು ಕನ್ನಡಕ್ಕೆ ಹೆಚ್ಚು ತುಂಡುಗಳು ಬೇಕು, ತುಂಡು ಹೆಚ್ಚಾದಷ್ಟೂ ಲೆಕ್ಕಾಚಾರ ಹೆಚ್ಚು. ನಾನು ಕೇಳದೆ ಇದ್ದಿದ್ದರೆ ಆ ಸಭೆಯಲ್ಲಿ ಈ ಮಾತು ಬರುತ್ತಲೇ ಇರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮೂವರು ಬಂದು ಕೈ ಕುಲುಕಿದರು, ತಾವೂ ಅದನ್ನೇ ಕೇಳಬೇಕೆಂದಿದ್ದೆವು ಅಂದರು.

ಸಭಾ ನಿರ್ವಹಣೆ

ಇಂಥ ಉಪನ್ಯಾಸಗಳನ್ನು ಆಯೋಜಿಸುವ ತಂಡದಲ್ಲಿ ಹಲವು ವರ್ಷ ಇದ್ದೆ. ಮೇಡಂ, ಆ ಮಗು ಕೈ ಎತ್ತಿಕೊಂಡೇ ಕೂತಿದ್ದು ಓದಿ ಬೇಸರವಾಯಿತು. ಅದು ಆಯೋಜಕರ ತಪ್ಪು.

10 ದೇಶಗಳ 35 ಸಂಸ್ಥೆಗಳಲ್ಲಿ ಸುಮಾರು 250 ಸೆಮಿನಾರುಗಳಿಗೆ ಹೋಗಿ ಯಾರು ಪ್ರಶ್ನೆ ಕೇಳುತ್ತಾರೆ ಅಂತ ಎಣಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಂಡಸರು ಕೇಳುವ ಸಂಭವ ಹೆಂಗಸರಿಗಿಂತ ಎರಡೂವರೆ ಪಟ್ಟು. ಮೊದಲ ಪ್ರಶ್ನೆ ಗಂಡಸರಿಂದ ಬಂದ ಸಭೆಗಳಲ್ಲಿ ಹೆಂಗಸರ ಪ್ರಶ್ನೆ ಇನ್ನೂ ಕಮ್ಮಿ. ಅದನ್ನು ಓದಿದ ಮೇಲೆ ನಾವು ಮೊದಲ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೆ ಮೀಸಲಿಟ್ಟೆವು. ಬಾಗಿಲಲ್ಲೇ ಚೀಟಿ ಪೆನ್ನು ಕೊಟ್ಟೆವು, ಎದ್ದು ಮಾತಾಡಲು ಹಿಂಜರಿಯುವವರು ಬರೆದು ಕೊಡಲಿ ಅಂತ. ಪ್ರಶ್ನೆಗಳ ಗುಣವೇ ಬದಲಾಯಿತು. ಮೊದಲೆಲ್ಲ ಮೈಕ್ ಹಿಡಿದವರು ಮೂರು ನಿಮಿಷ ತಮ್ಮ ಅಭಿಪ್ರಾಯ ಹೇಳಿ ಕೂತುಬಿಡುತ್ತಿದ್ದರು. ಚೀಟಿಯಲ್ಲಿ ಅಷ್ಟು ಬರೆಯಲು ಜಾಗ ಇರುವುದಿಲ್ಲ.

ಮುಂದಿನ ಕಾರ್ಯಕ್ರಮದವರಿಗೆ ಮೊದಲೇ ಒಂದು ಮೇಲ್ ಹಾಕಿ. ಶಾಲಾ ಮಕ್ಕಳು ಬರುತ್ತಿದ್ದಾರೆ, ಪ್ರಶ್ನೆ ತರುತ್ತಿದ್ದಾರೆ ಅಂತ ತಿಳಿಸಿ. ಬೇಡ ಅನ್ನುವ ಆಯೋಜಕರನ್ನು ನಾನು ನೋಡಿಲ್ಲ.

ಸೀಮೆಸುಣ್ಣ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋಗಿ ಬಂದು ಎರಡು ವಾರವಾಯಿತು.

ಹೋಗುವ ಮೊದಲು ಕ್ಲಾಸಿನಲ್ಲಿ ಒಂದು ಪ್ರಯೋಗ ಮಾಡಿದೆವು. ಸರಿ ತಪ್ಪು ಹೇಳುವ ಹತ್ತು ಪ್ರಶ್ನೆ ಕೊಟ್ಟು, ಪ್ರತಿ ಉತ್ತರದ ಪಕ್ಕ ಎಷ್ಟು ಖಚಿತ ಅಂತ ಬರೆಯಲು ಹೇಳಿದೆ. ಎಲ್ಲರ ಹಾಳೆ ಸೇರಿಸಿ ಎಣಿಸಿದಾಗ ಶೇ 100 ಖಚಿತ ಅಂತ ಬರೆದ ಉತ್ತರಗಳು 64, ಅವುಗಳಲ್ಲಿ ಸರಿಯಾದದ್ದು 49. ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಾಗ ಕ್ಲಾಸು ಸ್ತಬ್ಧವಾಯಿತು. ಆಮೇಲೆ ಗ್ರಾಫ್ ಬರೆದರು, ಎರಡೂ ಅಕ್ಷಕ್ಕೆ ಹೆಸರು ಹಾಕಿ.

ಆಯೋಜಕರಿಗೆ ಮೇಲ್ ಹಾಕಿದ್ದೆ. ಸಭೆಯಲ್ಲಿ ಇಪ್ಪತ್ತೈದು ನಿಮಿಷ ಪ್ರಶ್ನೆಗಳಿಗೆ ಅಂತಲೇ ಇಟ್ಟಿದ್ದರು. ನಮ್ಮ ಹುಡುಗಿಯ ಚೀಟಿಯನ್ನೇ ಮೊದಲು ಓದಿದರು. ಉಪನ್ಯಾಸಕಿ ಚೀಟಿಯನ್ನು ತಾವೇ ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿ, ಯಾರು ಬರೆದದ್ದು ಅಂತ ಕೇಳಿ ಅವಳನ್ನು ನಿಲ್ಲಿಸಿದರು. ಅವರು ಸಂಶೋಧಕರೊಬ್ಬರು ಮೇಲೆ ಬರೆದ ಹಾಗೆಯೇ ವಿವರಿಸಿದರು. ಇವಳು ಬಿಡಲಿಲ್ಲ: "ಮೇಡಂ, ಇವತ್ತು ನೀವು ತೋರಿಸಿದ ಯಂತ್ರಕ್ಕೆ ಇದನ್ನು ಅಳೆದಿದ್ದೀರಾ?" ಅವರು ಇಲ್ಲ ಅಂದರು. ಮೈಕಿನಲ್ಲಿಯೇ, ಎಲ್ಲರೆದುರು, "ಅಳೆದಿಲ್ಲ. ಅಳೆದು ನಿಮಗೆ ಕಳಿಸ್ತೀನಿ" ಅಂದರು.

ನಿನ್ನೆ ಶಾಲೆಯ ಮೇಲ್‌ಗೆ ಒಂದು ಗ್ರಾಫ್ ಬಂದಿದೆ. ಪ್ರಿಂಟ್ ತೆಗೆದು ಕೊಟ್ಟೆ, ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡಿದ್ದಾಳೆ. ಯಂತ್ರ ಹೇಳಿದ ಖಚಿತತೆಯೂ ಸರಿ ಉತ್ತರಗಳ ಶೇಕಡಾವೂ ಸಮವಾಗಿರುವುದನ್ನು ತೋರಿಸುವ ಕರ್ಣರೇಖೆಯ ಪಕ್ಕದಲ್ಲೇ ಬರುವ ಗೆರೆ ಶೇ 80 ದಾಟಿದ ಮೇಲೆ ಕೆಳಕ್ಕೆ ಬಾಗಿದೆ. ಬಾಗುವ ಜಾಗಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, "ಇಲ್ಲಿಂದಲೇ ಯಾಕೆ?" ಅಂತ ಬರೆದಿದ್ದಾಳೆ.

ಸಂಶೋಧನಾ ವಿದ್ಯಾರ್ಥಿಗಳೇ, ಬಿಡುವಾದಾಗ ಇದಕ್ಕೊಂದು ಉತ್ತರ ಬರೆಯುತ್ತೀರಾ? ನಾಳೆ ಮೂರನೇ ಪೀರಿಯಡ್‌ನಲ್ಲಿ ಅವಳ ಕ್ಲಾಸ್ ಇದೆ.